ಯಾವ ಮೆಣಸಿನ ವಾಸನೆ?

ಪ್ರಿಯರೇ,

ಈ ಪತ್ರವನ್ನು ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಗೆಳೆಯರು ಮಾಡಿದ ಬಿಯರಿನ ಉಳಿದ ಒಂಬತ್ತು ಬಾಟಲಿ ಒಲೆಯ ಮೇಲಿನ ಅಟ್ಟದಲ್ಲಿವೆ ಎಂದು ಬರೆದಿದ್ದೀರಿ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು, ಒಂದೊಂದನ್ನೂ ಗೋಣಿತಾಟಿನಲ್ಲಿ ಸುತ್ತಿ, ಅಲುಗಿಸದೆ ಇಳಿಸಿ ಫ್ರಿಜ್‌ನಲ್ಲಿಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಮಡಿಕೇರಿಯ ಗೆಳೆಯರು ಮನೆಯಲ್ಲೇ ಮಾಡಿದ ಸೇಸಾನ್ (ಬೆಲ್ಜಿಯಂನ ಹಳ್ಳಿಗಳ ಫಾರ್ಮ್‌ಹೌಸ್ ಬಿಯರ್) ಬಿಯರನ್ನು ಬೆಲ್ಜಿಯಂನಿಂದ ಬಂದ ಸೇಸಾನ್ ಡುಪಾಂಟ್ ಜೊತೆಗಿಟ್ಟು ರುಚಿ ನೋಡಿದ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ವಿಷಯ ಹೊಸದು, ವಾಕ್ಯಗಳು ಚುರುಕಾಗಿವೆ. ತೂರ್ಪ್ ಊರಿನ ಬ್ರೂವರಿಯನ್ನು ಡುಪಾಂಟ್ ಕುಟುಂಬ 1920ರಲ್ಲಿ ಕೊಂಡದ್ದು, ಬಿಯರಿನ 6.5 ಶೇಕಡಾ ಆಲ್ಕೋಹಾಲ್, ಎಲ್ಲ ಸರಿಯಾಗಿದೆ. ಆದರೆ ವಾಸನೆ ಮತ್ತು ನೊರೆಯ ಬಗ್ಗೆ ಬರೆದಲ್ಲಿ ನನಗೆ ಸಿಟ್ಟು ಬಂತು. ಅವೆರಡನ್ನೇ ಹೇಳುತ್ತೇನೆ.

“ಡುಪಾಂಟ್‌ನಲ್ಲಿ ಸ್ಕಂಕ್‌ನ ಹಳ್ಳಿಗಾಡು ವಾಸನೆ, ಅದೇ ಫಾರ್ಮ್‌ಹೌಸ್ ಬಿಯರಿನ ಅಸಲಿ ಗುರುತು.” ಸ್ಕಂಕ್ ದುರ್ವಾಸನೆ ಚಿಮ್ಮಿಸುವ, ಅಮೆರಿಕ ಖಂಡದ ಪ್ರಾಣಿ. ನಮ್ಮ ಕಾಫಿ ತೋಟದಲ್ಲಿರುವುದು ಪುನುಗು ಬೆಕ್ಕು. ನೀವು ಮೂಸದ ವಾಸನೆಯನ್ನು ಓದುಗರಿಗೆ ಹೇಗೆ ದಾಟಿಸುತ್ತೀರಿ? ಅದಕ್ಕಿಂತ ದೊಡ್ಡ ತಪ್ಪೆಂದರೆ ಅದು ಫಾರ್ಮ್‌ಹೌಸ್‌ನ ಗುರುತೇ ಅಲ್ಲ. ಹಿಂದಿನ ಪ್ಯಾರಾದಲ್ಲಿ ನೀವೇ ಬರೆದಿದ್ದೀರಿ: ಫೋಟೊ ತೆಗೆಯಲು ಆ ಹಸಿರು ಬಾಟಲಿಯನ್ನು ಬೆಳಗಿನಿಂದ ಜಗಲಿ ಕಟ್ಟೆಯ ಬಿಸಿಲಲ್ಲಿಟ್ಟಿದ್ದಿರಿ. ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕ ಸೇರಿದ ಥಯೋಲ್ ಎಂಬ ಸಂಯುಕ್ತ ಆಗುತ್ತದೆ, ಆ ಸ್ಕಂಕ್ ವಾಸನೆ ಅದರದೇ. ಹಸಿರು ಗಾಜು ಆ ಬೆಳಕನ್ನು ಸರಿಯಾಗಿ ತಡೆಯುವುದಿಲ್ಲ, ಕಂದು ಗಾಜು ಬಹುಪಾಲು ತಡೆಯುತ್ತದೆ. ನೀವು ಮೂಸಿದ್ದು ಬ್ರೂವರಿಯ ಕೈಚಳಕವನ್ನಲ್ಲ, ನಿಮ್ಮ ಜಗಲಿಯ ಬಿಸಿಲನ್ನು. ಅದೇ ಥಯೋಲ್ ಹುರಿದ ಕಾಫಿಯ ಪರಿಮಳದಲ್ಲೂ ಅತ್ಯಲ್ಪ ಪ್ರಮಾಣದಲ್ಲಿದೆ. ಹಾಗಾಗಿ ಕೊಡಗಿನವರ ಮೂಗಿಗೆ ಅದು ಪೂರ್ತಿ ಅಪರಿಚಿತವೂ ಅಲ್ಲ. ಒಂದೇ ಬಾಟಲಿಯ ಬಿಯರನ್ನು ಎರಡು ಗ್ಲಾಸಿಗೆ ಸುರಿದು, ಒಂದನ್ನು ಹತ್ತು ನಿಮಿಷ ಬಿಸಿಲಲ್ಲಿ, ಇನ್ನೊಂದನ್ನು ಕತ್ತಲೆ ಕೋಣೆಯಲ್ಲಿಟ್ಟು ಮೂಸಿ ನೋಡಿ. ಆ ವಾಕ್ಯವನ್ನು ಆಮೇಲೆ ಬರೆಯಿರಿ.

“ಎರಡರಲ್ಲೂ ಕುದುರೆ ಕಂಬಳಿಯ ಛಾಯೆ.” ಇದನ್ನು ಹೊಡೆದುಹಾಕಿ. ಆ ವಾಸನೆ ಬರುವುದು ಬ್ರೆಟ್ಟನೊಮೈಸಿಸ್ ಎಂಬ ಬೇರೆ ಯೀಸ್ಟಿನಿಂದ. ನಿಮ್ಮ ಗೆಳೆಯರು ಹಾಕಿದ್ದು ಸೇಸಾನ್ ಯೀಸ್ಟಿನ ಒಂದೇ ಪ್ಯಾಕೆಟ್.

“ಪೆಪ್ಪರಿ ಫಿನಿಶ್.” ಕೊಡಗಿನಲ್ಲಿ ಕೂತು ಇಷ್ಟೇ ಬರೆದಿರಲ್ಲ, ಇದು ನನಗೆ ಎಲ್ಲಕ್ಕಿಂತ ನೋವಾದ ಸಾಲು. ಯಾವ ಮೆಣಸು? ಬಳ್ಳಿಯಿಂದ ಆಗಷ್ಟೇ ಕಿತ್ತ ಹಸಿ ಗೊಂಚಲಿನದೋ, ಅಂಗಳದಲ್ಲಿ ಎರಡನೇ ದಿನ ಒಣಗುತ್ತಿರುವಾಗಿನದೋ, ಒರಳಿನಲ್ಲಿ ಕುಟ್ಟಿದ ಕರಿಮೆಣಸಿನದೋ? ಮೂರೂ ಬೇರೆ ಬೇರೆ, ನಿಮ್ಮ ಓದುಗರಿಗೆ ಮೂರೂ ಗೊತ್ತು. ಇನ್ನೊಂದು ಮಾತು: ಆ ಬಿಯರಿಗೆ ಯಾರೂ ಮೆಣಸು ಹಾಕಿಲ್ಲ. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಫೆರುಲಿಕ್ ಆಮ್ಲದಿಂದ ಯೀಸ್ಟ್ ಮಾಡಿಕೊಳ್ಳುವ ಫಿನಾಲ್ ಎಂಬ ಪರಿಮಳದ ಅಂಶ ಲವಂಗದಂತೆ, ಮಸಾಲೆಯಂತೆ ಮೂಗಿಗೆ ಬರುತ್ತದೆ. ನಾಲಿಗೆಯ ಮೇಲಿನ ಚುರುಕು ಹೆಚ್ಚಾಗಿ ಗ್ಯಾಸಿನದು. ಪರೀಕ್ಷೆ ಸುಲಭ. ಅರ್ಧ ಗ್ಲಾಸನ್ನು ಚಮಚದಿಂದ ಚೆನ್ನಾಗಿ ಕದಡಿ, ನೊರೆ ಸತ್ತ ಮೇಲೆ ಮತ್ತೆ ಕುಡಿಯಿರಿ. ಚುರುಕು ಹೋಯಿತೆಂದರೆ ಅದು ಗ್ಯಾಸು, ಪರಿಮಳ ಉಳಿಯಿತೆಂದರೆ ಅದು ಯೀಸ್ಟು.

ಇದನ್ನು ನಾನು ಕಲಿತದ್ದು ಕಾಫಿ ಕಪ್ಪಿಂಗ್, ಅಂದರೆ ಕಾಫಿಯ ರುಚಿ ಪರೀಕ್ಷಿಸುವ, ಮೇಜಿನಲ್ಲಿ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ, ನಾಲ್ಕು ನಿಮಿಷಕ್ಕೆ ಮೇಲಿನ ಕೆನೆಪದರ ಒಡೆಯುವುದು, ಕಪ್ಪಿನ ಅಡಿಯಲ್ಲಿ ಗುಟ್ಟಿನ ನಂಬರು. ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡುವಂತಿರಲಿಲ್ಲ. “ಫ್ಲೋರಲ್” ಎಂದು ಬರೆದರೆ ಯಾವ ಹೂವೆಂದು ಕೇಳಿ ಚೀಟಿ ವಾಪಸ್ ಕೊಡುತ್ತಿದ್ದರು.

ಈಗ ನೊರೆ. “ಮುಚ್ಚಳ ತೆಗೆದ ಕೂಡಲೇ ನಮ್ಮದು ಅರ್ಧಕ್ಕರ್ಧ ಚಿಮ್ಮಿತು, ಜೀವಂತಿಕೆಯಲ್ಲಿ ಡುಪಾಂಟನ್ನು ಮೀರಿಸಿತು.” ಇಲ್ಲ, ಅದು ಅಪಾಯದ ಸೂಚನೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಅಡುಗೆಮನೆ ಮೂಲೆಯಲ್ಲಿಟ್ಟು, “ಹನ್ನೆರಡನೇ ದಿನ ಗುಳ್ಳೆ ನಿಂತದ್ದೇ ತುಂಬಿಸಿದೆವು” ಎಂದಿದ್ದೀರಿ. ಆ ತಿಂಗಳು ಮಡಿಕೇರಿಯಲ್ಲಿ ಹಗಲೂ 20 ಡಿಗ್ರಿಯ ಆಸುಪಾಸು. ಡುಪಾಂಟ್ ಮೂಲದ ಯೀಸ್ಟಿಗೆ 28ರಿಂದ 32 ಡಿಗ್ರಿ ಬೇಕು. ಚಳಿಗೆ ಅದು ಕೆಲಸ ನಿಲ್ಲಿಸಿ ಮಲಗುತ್ತದೆ, ಸಾಯುವುದಿಲ್ಲ. ಗುಳ್ಳೆ ನಿಂತರೆ ಹುದುಗು ಮುಗಿಯಿತೆಂದಲ್ಲ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.012 ತೋರಿಸುವಾಗ ತುಂಬಿಸಿದಿರೆಂದು ಇಟ್ಟುಕೊಳ್ಳಿ. ಮಾರ್ಚಿನಲ್ಲಿ ಬಾಟಲಿ ಕುಶಾಲನಗರದ ಸೆಕೆಗೆ ಇಳಿದಾಗ ಯೀಸ್ಟ್ ಎದ್ದು ಉಳಿದ ಸಕ್ಕರೆಯನ್ನು 1.004ರವರೆಗೆ ತಿನ್ನುತ್ತದೆ. ಒಂದು ಪಾಯಿಂಟ್ (0.001) ಇಳಿದರೆ ಸುಮಾರು ಅರ್ಧ ವಾಲ್ಯೂಮ್, ಅಂದರೆ ಬಿಯರಿನ ಅರ್ಧ ಗಾತ್ರದಷ್ಟು, ಗ್ಯಾಸು. ಎಂಟು ಪಾಯಿಂಟಿಗೆ ನಾಲ್ಕು. ತುಂಬಿಸುವಾಗ ಲೀಟರಿಗೆ 7 ಗ್ರಾಂ ಸಕ್ಕರೆ ಬೇರೆ ಹಾಕಿದ್ದೀರಿ, ಅದರಿಂದ ಮತ್ತು ಮೊದಲೇ ಇದ್ದದ್ದರಿಂದ ಎರಡೂವರೆ. ಒಟ್ಟು ಆರೂವರೆ. ಶಾಂಪೇನಿನಲ್ಲಿರುವುದೇ ಸುಮಾರು ಆರು, ಅದರ ಗಾಜು ಎಷ್ಟು ದಪ್ಪ ನೋಡಿ. ಮಾಮೂಲಿ ಬಿಯರ್ ಬಾಟಲಿ ಇದನ್ನು ತಡೆದುಕೊಳ್ಳುತ್ತದೆಂದು ನಂಬಬಾರದು. ಒಲೆಯ ಮೇಲಿನ ಅಟ್ಟದ ಬಿಸಿಯಲ್ಲಂತೂ ಬೇಡವೇ ಬೇಡ. ಎರಡು ದಿನ ಫ್ರಿಜ್‌ನಲ್ಲಿಟ್ಟ ಮೇಲೆ, ಒದ್ದೆ ಬಟ್ಟೆ ಹೊದಿಸಿ, ಮುಚ್ಚಳವನ್ನು ಕೂದಲೆಳೆಯಷ್ಟು ಎತ್ತಿ ಗ್ಯಾಸು ಬಿಡಿ.

ಮುಂದಿನ ಬ್ಯಾಚನ್ನು ಬಚ್ಚಲ ಹಂಡೆಯ ಒಲೆ ಪಕ್ಕ ಕಂಬಳಿ ಸುತ್ತಿ, ಥರ್ಮಾಮೀಟರ್ ಅಂಟಿಸಿ ಇಡಲು ಗೆಳೆಯರಿಗೆ ಹೇಳಿ. ಮೂರು ದಿನಕ್ಕೊಮ್ಮೆಯಂತೆ ಮೂರು ಸಲ ರೀಡಿಂಗ್ ತೆಗೆದು, 1.006ಕ್ಕಿಂತ ಕೆಳಗೆ ಒಂದೇ ಅಂಕಿ ಬಂದರೆ ಮಾತ್ರ ತುಂಬಿಸಲಿ. ರುಚಿ ನೋಡುವಾಗ ಎರಡೂ ಬಾಟಲಿ ಕತ್ತಲೆಯಲ್ಲಿ, 8ರಿಂದ 10 ಡಿಗ್ರಿಯಲ್ಲಿರಲಿ. ಮೂರು ಗ್ಲಾಸು ತೆಗೆದುಕೊಳ್ಳಿ: ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಇನ್ನೊಂದು. ಅಡಿಯ ಮಡ್ಡಿ ಕದಡದಂತೆ ಬೇರೆಯವರು ಒಳಗೆ ಸುರಿದು ತರಲಿ. ಬೇರೆಯದನ್ನು ನೀವು ಗುರುತಿಸದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ, ನಾನು ಸಂತೋಷದಿಂದ ಅಚ್ಚು ಹಾಕುತ್ತೇನೆ. ಹುತ್ತರಿ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಇಟ್ಟಿದ್ದೇನೆ. ತಿದ್ದಿದ ಪ್ರತಿಯ ಜೊತೆ ಹೈಡ್ರೋಮೀಟರ್ ಅಂಕಿಗಳ ಚೀಟಿಯನ್ನೂ ಕಳುಹಿಸಿ.

ನಿಮ್ಮ,
ಸಂಪಾದಕ