ಕೇಳಿದವರು ಒಬ್ಬರು, ಆದೇಶ ಇನ್ನೊಬ್ಬರದು

ಪ್ರಶ್ನೆ: ನಮ್ಮ ಸಹಕಾರ ಸಂಘದ ತಕರಾರು ಮೇಲ್ಮನವಿಯಾಗಿ ಸರ್ಕಾರಕ್ಕೆ ಹೋಗಿತ್ತು. ಸಚಿವರೇ ವಿಚಾರಣೆ ಮಾಡುತ್ತಾರೆ ಎಂದು ನೋಟಿಸ್ ಬಂತು. ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋದರೆ ಸಚಿವರು ಇಲ್ಲ. ಅವರ ಕಚೇರಿಯ ಅಧಿಕಾರಿಯೊಬ್ಬರು ನಮ್ಮ ಮಾತು ಕೇಳಿ ಕಳಿಸಿದರು. ಈಗ ನಮ್ಮ ವಿರುದ್ಧ ಆದೇಶ ಬಂದಿದೆ. ಸಹಿ ಮಾತ್ರ ಅಧೀನ ಕಾರ್ಯದರ್ಶಿಯದು! ಇದು ಸರಿಯೇ ವಕೀಲರೇ?
– ಓದುಗರು, ಗದಗ

ಉತ್ತರ: ನಿಮ್ಮ ಸಿಟ್ಟೆಲ್ಲ ಸಹಿಯ ಮೇಲಿದೆ. ಅದನ್ನು ಬಿಡಿ, ಅಲ್ಲಿ ತಪ್ಪಿಲ್ಲ. ಸಹಿಯ ಮೇಲಿನ ಸಾಲು ಓದಿ: 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂದಿರುತ್ತದೆ. ಸಂವಿಧಾನದ 166ನೇ ವಿಧಿ ಕೇಳುವುದೇ ಅದನ್ನು. ಸರ್ಕಾರದ ಆದೇಶಕ್ಕೆ ಸಚಿವರೇ ಸಹಿ ಹಾಕಬೇಕೆಂದು ಎಲ್ಲೂ ಇಲ್ಲ.

ದಿನನಿತ್ಯದ ಎಷ್ಟೋ ಕಡತಗಳು ಸಚಿವರ ಮೇಜಿಗೆ ಹೋಗುವುದೇ ಇಲ್ಲ. ನಮ್ಮ ರಾಜ್ಯದಲ್ಲಿ 1977ರ ಕಾರ್ಯನಿರ್ವಹಣೆ ನಿಯಮಗಳಿವೆ. ಯಾವ ಕಡತ ಎಲ್ಲಿವರೆಗೆ ಹೋಗಬೇಕು ಎಂಬುದಕ್ಕೆ ಅವೇ ಆಧಾರ. ಮದ್ರಾಸಿನ ಖಾಸಗಿ ಬಸ್ ಮಾಲೀಕರು ಇದನ್ನೇ ಹಿಡಿದು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ರೂಟ್ ರಾಷ್ಟ್ರೀಕರಣದ, ಅಂದರೆ ಬಸ್ ಮಾರ್ಗಗಳನ್ನು ಸರ್ಕಾರವೇ ವಹಿಸಿಕೊಳ್ಳುವ ತೀರ್ಮಾನ ಮಾಡಿದ್ದು ಕಾರ್ಯದರ್ಶಿ, ಸಚಿವರಲ್ಲ ಎಂಬುದು ಅವರ ವಾದ. 1970ರಲ್ಲಿ ಸೋತರು. ನಿಯಮದ ಪ್ರಕಾರ ಕೆಲಸ ಹಂಚಿದ್ದರೆ ಅಧಿಕಾರಿ ಮಾಡಿದ್ದು ಸರ್ಕಾರವೇ ಮಾಡಿದಂತೆ ಎಂದಿತು ಕೋರ್ಟು. ಗಮನಿಸಿ, ನಿಯಮದ ಪ್ರಕಾರ. 'ನೀವೇ ನೋಡಿಕೊಳ್ಳಿ' ಎಂದು ಸಚಿವರು ಫೋನಿನಲ್ಲಿ ಹೇಳಿದರೆ ಅಧಿಕಾರ ಕೈ ಬದಲಾಗುವುದಿಲ್ಲ.

ನಿಮ್ಮ ಗಟ್ಟಿ ಅಂಶ ಬೇರೆಯೇ ಇದೆ. ಎರಡು ಕಡೆಯವರ ಮಾತು ಕೇಳಿ ತೀರ್ಪು ಕೊಡುವ ಕೆಲಸ ಸಾಮಾನ್ಯ ಆಡಳಿತದಂತಲ್ಲ. ಅದಕ್ಕೂ ಬಸ್ಸಿನ ಪ್ರಕರಣವೇ ಇದೆ ನೋಡಿ, ಆಂಧ್ರದ ಗುಲ್ಲಪಲ್ಲಿ ನಾಗೇಶ್ವರರಾವ್ ಪ್ರಕರಣ, 1959ರದು. ಅಲ್ಲಿ ಆಕ್ಷೇಪಣೆ ಕೇಳಿದ್ದು ಕಾರ್ಯದರ್ಶಿ, ತೀರ್ಮಾನಿಸಿದ್ದು ಮುಖ್ಯಮಂತ್ರಿ. ಒಬ್ಬರು ಕೇಳಿ ಇನ್ನೊಬ್ಬರು ನಿರ್ಧರಿಸಿದರೆ ವಿಚಾರಣೆ ಬರೀ ಶಾಸ್ತ್ರಕ್ಕಷ್ಟೇ ಎಂದು ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ನಿಮ್ಮ ವಕೀಲರು ಎದುರಿಗಿದ್ದವರಿಗೆ ಹೇಳಿದ್ದು, ಅವರ ಪ್ರಶ್ನೆಗೆ ಕೊಟ್ಟ ಉತ್ತರ, ಇದ್ಯಾವುದೂ ಸಚಿವರ ಕಿವಿಗೆ ಬಿದ್ದಿಲ್ಲ, ಅಲ್ವಾ?

ಹಾಗಂತ ಈಗಲೇ ಗೆದ್ದೆವು ಅಂದುಕೊಳ್ಳಬೇಡಿ. ಆ ಅಧಿಕಾರಿಗೇ ಕಾನೂನುಬದ್ಧವಾಗಿ ತೀರ್ಮಾನದ ಅಧಿಕಾರ ಇದ್ದು, ಅವರೇ ತೀರ್ಮಾನಿಸಿದ್ದರೆ ಈ ವಾದ ನಿಲ್ಲದು. ಅದಕ್ಕೇ ಮೊದಲು ಕಡತದ ಟಿಪ್ಪಣಿ ಹಾಳೆಗಳ ಪ್ರತಿ ತರಿಸಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದ ಅರ್ಜಿ ಸಾಕು. ಅರ್ಜಿ 150 ಪದದೊಳಗಿರಲಿ, ಒಂದೇ ವಿಷಯ ಇರಲಿ. ಹಿಂದಿನ ಕಥೆಯೆಲ್ಲ ಬೇಡ. ವಿಚಾರಣೆ ನಡೆಸಿದವರು ಯಾರು, ಕೊನೆಯ ತೀರ್ಮಾನದ ಕೆಳಗೆ ಯಾರ ಸಹಿ, ದಿನಾಂಕ ಏನು ಎಂದು ಅದರಲ್ಲಿ ನೋಡಿ. ಅಧಿಕಾರಿ ಬರೆದ ಟಿಪ್ಪಣಿಗೆ ಸಚಿವರು ಸುಮ್ನೆ 'ಒಪ್ಪಿದೆ' ಎಂದು ಬರೆದಿದ್ದರೆ ಕಾಗದ ಹಿಡಿದು ಧಾರವಾಡದ ಹೈಕೋರ್ಟ್ ಪೀಠಕ್ಕೆ ಬನ್ನಿ, ರಿಟ್ ಹಾಕೋಣ. ಜಾಸ್ತಿ ತಡ ಮಾಡಬೇಡಿ. 'ಇಷ್ಟು ದಿನ ಎಲ್ಲಿದ್ದಿರಿ' ಎಂದು ಕೋರ್ಟು ಕೇಳಿಯೇ ಕೇಳುತ್ತದೆ.

ಪ್ರಶ್ನೆ: ಮುಖ್ಯಮಂತ್ರಿ ಇಲ್ಲದಾಗ ಅವರ ಅಧಿಕಾರ ತಾನಾಗಿ ಉಪಮುಖ್ಯಮಂತ್ರಿಗೆ ಬರುತ್ತದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಸಂವಿಧಾನದಲ್ಲಿ ಆ ಹುದ್ದೆಯ ಹೆಸರೇ ಇಲ್ಲ. ಕಾನೂನಿನ ಕಣ್ಣಿಗೆ ಅವರೂ ಒಬ್ಬ ಸಚಿವರು. 2019ರಲ್ಲಿ ನಮ್ಮಲ್ಲೇ ಒಟ್ಟಿಗೆ ಮೂವರಿದ್ದರು, ತಾನಾಗಿ ಬರುವುದಾದರೆ ಯಾರಿಗೆ ಬರಬೇಕಿತ್ತು? 2016ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಆಸ್ಪತ್ರೆಯಲ್ಲಿದ್ದಾಗ ಅವರ ಖಾತೆಗಳು ಸಚಿವ ಪನ್ನೀರಸೆಲ್ವಂ ಅವರಿಗೆ ಹೋಗಿದ್ದು, ಸಚಿವರಿಗೆ ಕೆಲಸ ಹಂಚುವ 166(3)ನೇ ವಿಧಿಯಡಿ ರಾಜ್ಯಪಾಲರು ಹಂಚಿಕೊಟ್ಟ ಮೇಲೆಯೇ. ಆಗಲೂ ಮುಖ್ಯಮಂತ್ರಿಯಾಗಿ ಉಳಿದದ್ದು ಜಯಲಲಿತಾ ಅವರೇ.