ಪೋಖರಾ: ಎರಡು ದಿನ ಸಾಕಾ?

ಮಂಡಿ ನೋವಿರುವ ಅಮ್ಮನ ಜೊತೆ ಏಪ್ರಿಲ್‌ನಲ್ಲಿ ನೇಪಾಳದ ಪೋಖರಾಗೆ ಹೋದರೆ ಹಿಮದ ಬೆಟ್ಟ ಕಾಣುತ್ತಾ, ಎರಡು ದಿನ ಸಾಕಾ ಅಂತ ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಏಪ್ರಿಲ್ ನಂಬುವ ತಿಂಗಳಲ್ಲ. ಮಳೆಗೆ ಮುಂಚಿನ ಆ ದಿನಗಳಲ್ಲಿ ಕಾಡಿನ ಬೆಂಕಿಯ ಹೊಗೆ, ಮಬ್ಬು ಜಾಸ್ತಿ. ಎಷ್ಟೋ ಸಲ ಬೆಟ್ಟವೇ ಕಾಣುವುದಿಲ್ಲ. ಅಕ್ಟೋಬರ್-ನವೆಂಬರ್‌ಗೆ ಮುಂದೂಡಲು ಆಗುತ್ತಾ ನೋಡಿ.

ಆಗದಿದ್ದರೆ ಎರಡರ ಬದಲು ಮೂರು ದಿನ ಇಟ್ಟುಕೊಳ್ಳಿ. ಒಂದು ಬೆಳಗ್ಗೆಯಾದರೂ ಆಕಾಶ ತೆರೆದುಕೊಳ್ಳಬಹುದು. ಹಿಮದ ಬೆಟ್ಟ ನೋಡಲು ಜನ ಹೋಗುವ ಸಾರಂಗಕೋಟ್ ಗುಡ್ಡಕ್ಕೆ ಕೇಬಲ್ ಕಾರ್ ಇದೆ. ಸೂರ್ಯೋದಯ ಅಲ್ಲಿಂದಲೇ ನೋಡಬೇಕೆಂದರೆ ಮಾತ್ರ ಕತ್ತಲಲ್ಲೇ ಟ್ಯಾಕ್ಸಿ ಹಿಡಿಯಿರಿ. ಮೋಡವಿಲ್ಲದಿದ್ದರೆ 6,993 ಮೀಟರ್ ಎತ್ತರದ ಮಚ್ಛಪುಛ್ರೆ ಎದುರಿಗೇ ನಿಂತಿರುತ್ತದೆ. ಅದನ್ನು ಪವಿತ್ರವೆಂದು ಕಾಣುತ್ತಾರೆ, ಹತ್ತಲು ಅನುಮತಿ ಇಲ್ಲ.

ಫೇವಾ ಸರೋವರದ ನಡುವಿನ ತಾಲ್ ಬಾರಾಹಿ ಗುಡಿಗೆ ದೋಣಿಯಲ್ಲೇ ಹೋಗಬೇಕು. ಹತ್ತಿ ಇಳಿಯುವಾಗ ಅಮ್ಮನ ಕೈ ಹಿಡಿದುಕೊಳ್ಳಿ, ಅಷ್ಟೇ. ಶಾಂತಿ ಸ್ತೂಪದ ಹತ್ತಿರದವರೆಗೆ ಗಾಡಿ ಹೋದರೂ ಆಮೇಲೆ ಮೆಟ್ಟಿಲುಗಳಿವೆ. ಅದನ್ನು ಬಿಟ್ಟು ಜನಜಂಗುಳಿ ಕಡಿಮೆ ಇರುವ ಬೇಗ್ನಾಸ್ ಸರೋವರಕ್ಕೆ ಹೋಗಿ.

ಕಾಠ್ಮಂಡುವಿನಿಂದ ಬಸ್ ಬೇಡ. ಸುಮಾರು 200 ಕಿಲೋಮೀಟರ್ ದಾರಿಯೇ ಇಡೀ ಹಗಲು ತಿನ್ನುತ್ತದೆ, ಮಂಡಿಗೆ ಸುಮ್ನೆ ಶಿಕ್ಷೆ. ವಿಮಾನದಲ್ಲಿ ಅರ್ಧ ಗಂಟೆ ಸಾಕು.