ಬೂಷ್ಟಿನ ಮದ್ದು ಪಾಚಿಗೂ ತಟ್ಟುತ್ತದೆಯೇ?

ಪ್ರಶ್ನೆ: ಪ್ರಾಜೆಕ್ಟಿಗಾಗಿ ಕ್ಲೋರೆಲ್ಲಾ ಎಂಬ ಪಾಚಿ ಬೆಳೆಸುತ್ತಿದ್ದೇನೆ ಸರ್. ಫ್ಲಾಸ್ಕಿನಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಬಂದಿದೆ. ಬೂಷ್ಟು ಕೊಲ್ಲುವ ಮದ್ದು ನಿಸ್ಟಾಟಿನ್ ಹಾಕಲೇ? ಗೆಳತಿ ತನ್ನ ಸ್ಪಿರುಲಿನಾಕ್ಕೆ ಹಾಕಿದಳಂತೆ, ಅದಕ್ಕೆ ಏನೂ ಆಗಲಿಲ್ಲವಂತೆ.
— ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಸ್ವಲ್ಪ ತಡಿಯಮ್ಮ. ಗೆಳತಿ ಹೇಳಿದ್ದು ಸುಳ್ಳಲ್ಲ, ಆದರೆ ಅವಳ ಸ್ಪಿರುಲಿನಾ ಅಸಲಿಗೆ ಒಂದು ಬ್ಯಾಕ್ಟೀರಿಯಾ. ನಿನ್ನ ಕ್ಲೋರೆಲ್ಲಾ ನಿಜವಾದ ಹಸಿರು ಪಾಚಿ. ನಿಸ್ಟಾಟಿನ್ ನೋಡುವುದು ಬಣ್ಣವನ್ನಲ್ಲ, ಕೋಶದ ಪೊರೆಯನ್ನು. ಬೂಷ್ಟಿನ ಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನ ಜಾತಿಯ ವಸ್ತು ಇರುತ್ತದೆ. ನಿಸ್ಟಾಟಿನ್ ಅದಕ್ಕೆ ಅಂಟಿಕೊಂಡರೆ ಪೊರೆ ಸೋರತೊಡಗುತ್ತದೆ, ಒಳಗಿನ ಪೊಟ್ಯಾಸಿಯಂ ಹೊರಗೆ ಹರಿದುಹೋಗುತ್ತದೆ. ಸ್ಪಿರುಲಿನಾದ ಪೊರೆಯಲ್ಲಿ ಅದು ಹಿಡಿಯಲು ಏನೂ ಇಲ್ಲ. ಕ್ಲೋರೆಲ್ಲಾದಲ್ಲೋ, ಹಲವು ತಳಿಗಳಲ್ಲಿ ಅದೇ ಎರ್ಗೊಸ್ಟೆರಾಲ್ ಇದೆ! ಬೂಷ್ಟಿಗೆ ಹೊಡೆದ ಏಟು ಪಾಚಿಗೂ ಬೀಳಬಹುದು.

ಮೊದಲು ಹೇಳು, ಪಾಚಿ ಬೆಳೆಸುವ ಮಾಧ್ಯಮಕ್ಕೆ ಗ್ಲೂಕೋಸ್ ಹಾಕಿದ್ದೀಯಾ? ಹಾಕಿದ್ದರೆ ಬೂಷ್ಟಿಗೆ ಎಲೆ ಹಾಕಿ ಊಟ ಬಡಿಸಿದಂತೆ. ಬೆಳಕು, ಗಾಳಿ, ಲವಣ ಇದ್ದರೆ ಕ್ಲೋರೆಲ್ಲಾಕ್ಕೆ ಸಾಕು. ಸಕ್ಕರೆಯಿಲ್ಲದ ಅಗಾರ್ (ಜೆಲ್ಲಿಯಂಥ ಮಾಧ್ಯಮ) ತಟ್ಟೆಯ ಮೇಲೆ ಸ್ಟ್ರೀಕ್ ಮಾಡಿ, ಅಂದರೆ ಗೆರೆ ಎಳೆದಂತೆ ತೆಳುವಾಗಿ ಸವರಿ, ಒಂಟಿಯಾಗಿ ನಿಂತ ಹಸಿರು ಕಾಲನಿಯನ್ನು (ಕೋಶಗಳ ಗುಂಪನ್ನು) ಎತ್ತಿ ಹೊಸ ಫ್ಲಾಸ್ಕಿಗೆ ಹಾಕು. ನನ್ನ ಮಟ್ಟಿಗೆ ಮದ್ದಿಗಿಂತ ಇದೇ ವಾಸಿ.

ಮದ್ದು ನೋಡಲೇಬೇಕೆಂದಿದ್ದರೆ ಪ್ರಾಜೆಕ್ಟಿನ ವಿಷಯವನ್ನೇ ಅದಕ್ಕೆ ತಿರುಗಿಸು. ನಿಸ್ಟಾಟಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಬೇಕು. ಹಾಗಾಗಿ ಬರೀ ಡಿಎಂಎಸ್‌ಒ ಹಾಕಿದ ಒಂದು ಫ್ಲಾಸ್ಕ್ ಪಕ್ಕದಲ್ಲಿರಲಿ. ಇಲ್ಲದಿದ್ದರೆ ಪಾಚಿ ಸೊರಗಿದ್ದು ಯಾವುದರಿಂದ ಎಂದು ಹೇಳಲಾಗದು. ಇನ್ನೊಂದು ತೊಡಕು: ಈ ಮದ್ದು ಬೆಳಕಿಗೆ ಕೆಡುತ್ತದೆ, ಪಾಚಿಗೆ ಬೆಳಕೇ ಬೇಕು. ಪಾಚಿ ಕೋಶಗಳ ಎಣಿಕೆ ಕೆಲವು ದಿನ ನಿಂತು ಮತ್ತೆ ಏರಿದರೆ, ಪಾಚಿ ಮದ್ದಿಗೆ ಒಗ್ಗಿಕೊಂಡಿತು ಎಂದು ಬರೆದುಬಿಡಬೇಡ; ಮದ್ದೇ ಸತ್ತಿರಬಹುದು.

ಬೂಷ್ಟಿನ ಇನ್ನೊಂದು ಮದ್ದು ಸೈಕ್ಲೊಹೆಕ್ಸಿಮೈಡ್ ಕಡೆಗಂತೂ ಹೋಗಬೇಡ. ಅದು ಪೊರೆಯ ತಂಟೆಗೆ ಬರುವುದಿಲ್ಲ, ಕೋಶದೊಳಗಿನ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಬೂಷ್ಟು, ಹಸಿರು ಪಾಚಿ, ನಮ್ಮ ಕೋಶ ಯಾವುದನ್ನೂ ಬಿಡುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ತಟ್ಟದ ಕಾರಣ, ಸ್ಪಿರುಲಿನಾದಂಥವುಗಳ ನಡುವೆ ಸೇರಿಕೊಂಡ ಹಸಿರು ಪಾಚಿ ತೆಗೆಯಲು ಲ್ಯಾಬಿನಲ್ಲಿ ಬಳಸುತ್ತಾರೆ. ತಿನ್ನುವ ಸ್ಪಿರುಲಿನಾಕ್ಕೆ ಮಾತ್ರ ಖಂಡಿತ ಬೇಡ, ಗೆಳತಿಗೂ ಹೇಳು.

ಅಂದಹಾಗೆ, ನಿಸ್ಟಾಟಿನ್ ಕಂಡುಹಿಡಿದವರು ಇಬ್ಬರು ಹೆಂಗಸರು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಾದರಿಗಳು ಅಂಚೆಯಲ್ಲಿ ಓಡಾಡುತ್ತಿದ್ದವು. 1950ರಲ್ಲಿ ಪ್ರಕಟಿಸಿದರು. ಮದ್ದು ಕೊಟ್ಟ ಸೂಕ್ಷ್ಮಜೀವಿ ಸಿಕ್ಕಿದ್ದು ವರ್ಜೀನಿಯಾದ ಒಂದು ಹೈನು ತೋಟದ ಮಣ್ಣಿನಲ್ಲಿ.

ಪ್ರಶ್ನೆ: ಹಸುವಿನ ಕೆಚ್ಚಲು ಬಾವಿಗೆ ಪಾಚಿಯೂ ಕಾರಣ ಎಂದು ಓದಿದೆ. ನಿಜವೇ?
— ಹೈನುಗಾರ, ಮಂಡ್ಯ

ಉತ್ತರ: ನಿಜ. ಪ್ರೊಟೊಥೀಕಾ ಎಂದು ಅದರ ಹೆಸರು. ಕ್ಲೋರೆಲ್ಲಾದ ನಂಟೇ, ಆದರೆ ಹಸಿರು ಕಳೆದುಕೊಂಡಿದೆ. ಬ್ಯಾಕ್ಟೀರಿಯಾಕ್ಕೆ ಕೊಡುವ ಪೆನಿಸಿಲಿನ್ ಇದಕ್ಕೆ ನಾಟದು. ಇದರ ಪೊರೆಯಲ್ಲೂ ಎರ್ಗೊಸ್ಟೆರಾಲ್ ಇರುವುದರಿಂದ, ಮನುಷ್ಯರಿಗೆ ಈ ಸೋಂಕು ತಗುಲಿದಾಗ ವೈದ್ಯರು ಬೂಷ್ಟಿನ ಮದ್ದಾದ ಆಂಫೊಟೆರಿಸಿನ್ ಕೊಡುತ್ತಾರೆ. ಹಸುವಿನ ಕೆಚ್ಚಲಿಗೆ ನಂಬುವಂಥ ಮದ್ದಿಲ್ಲ. ಹಾಲು ಪರೀಕ್ಷೆ ಮಾಡಿಸಿ. ಅದೇ ಎಂದು ಖಚಿತವಾದರೆ ಆ ಹಸುವನ್ನು ಬೇರೆ ಕಟ್ಟಿ, ಕೊನೆಯಲ್ಲಿ ಕರೆಯಿರಿ.

ಪ್ರಶ್ನೆ: 2021ರಲ್ಲಿ ನಮ್ಮ ಭಾವನಿಗೆ ಕಪ್ಪು ಶಿಲೀಂಧ್ರಕ್ಕೆ ಆಂಫೊಟೆರಿಸಿನ್ ಕೊಟ್ಟಾಗ ಮೂತ್ರಪಿಂಡದ ಪರೀಕ್ಷೆ ಮತ್ತೆ ಮತ್ತೆ ಮಾಡಿದ್ದೇಕೆ?
— ಓದುಗರು, ಹುಬ್ಬಳ್ಳಿ

ಉತ್ತರ: ನಮ್ಮ ಕೋಶಗಳ ಪೊರೆಯಲ್ಲಿರುವ ಕೊಲೆಸ್ಟೆರಾಲ್ ಎರ್ಗೊಸ್ಟೆರಾಲಿನ ಹತ್ತಿರದ ಸಂಬಂಧಿ. ಮದ್ದು ಬೂಷ್ಟನ್ನೇ ಹೆಚ್ಚು ಹಿಡಿದರೂ ನಮ್ಮದನ್ನು ಪೂರ್ತಿ ಬಿಡುವುದಿಲ್ಲ, ಮೂತ್ರಪಿಂಡಕ್ಕೆ ಪೆಟ್ಟು ಜಾಸ್ತಿ. ಕೊಬ್ಬಿನ ಕಿರುಗುಳ್ಳೆಗಳಲ್ಲಿ ತುಂಬಿ ಕೊಡುವ ಲಿಪೊಸೋಮಲ್ ಬಗೆಯಲ್ಲಿ ಈ ಕಾಟ ಕಡಿಮೆ. ಆ ವರ್ಷ ಜನ ಊರೂರು ಹುಡುಕಿದ್ದು ಅದನ್ನೇ.